ಕುರಿ ದಾಖಲೆ ಆ್ಯಪ್‌ನಲ್ಲಿ ಮರಿ ಹುಟ್ಟಿದ ದಿನಾಂಕವೇ ಬದಲಾಗುತ್ತಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಕಾರ್ಕಳ ತಾಲ್ಲೂಕಿನ ನಮ್ಮ ಕುರಿ ಫಾರ್ಮಿಗೆ ನಿಮ್ಮ ಆ್ಯಪ್‌ನ ವಾರ್ಷಿಕ ಚಂದಾ ಕಟ್ಟಿದ್ದೇವೆ. ಯಾವ ದೋಷ ಹೇಳಿದರೂ ಸಹಾಯವಾಣಿಯವರದು ಒಂದೇ ಉತ್ತರ: ‘ಅಪ್‌ಡೇಟ್ ಮಾಡಿ’. ಮಾಡಿದ್ದಾಯಿತು, ದೋಷಗಳು ಹಾಗೇ ಇವೆ.

ಎಲ್ಲಕ್ಕಿಂತ ಗಂಭೀರವಾದದ್ದು ದಿನಾಂಕದ ಸಮಸ್ಯೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಆಗ ನಮೂದಿಸಿದ ಮರಿಗೆ, ಸಿಗ್ನಲ್ ಬಂದು ಮಾಹಿತಿ ಸರ್ವರ್ ಸೇರಿದ ದಿನವನ್ನೇ ಆ್ಯಪ್ ಹುಟ್ಟಿದ ದಿನವೆಂದು ಹಾಕಿಬಿಡುತ್ತದೆ. ಲೆಕ್ಕ ನೋಡಿ. ಹುಟ್ಟುವಾಗ 2.8 ಕೆ.ಜಿ. ಇದ್ದ ಮರಿ 90ನೇ ದಿನ 16.3 ಕೆ.ಜಿ. ತೂಗಿದರೆ ಬೆಳವಣಿಗೆ ದಿನಕ್ಕೆ 150 ಗ್ರಾಂ. ದಿನಾಂಕ 10 ದಿನ ಮುಂದೆ ಹೋದರೆ ಅದು 80 ದಿನದ ಮರಿಯಾಗಿ, ಬೆಳವಣಿಗೆ 169 ಗ್ರಾಂ, 90 ದಿನಕ್ಕೆ ಸರಿಹೊಂದಿಸಿದ ತೂಕ (ಅದೇ ವೇಗದಲ್ಲಿ ಬೆಳೆದರೆ 90ನೇ ದಿನ ಬರುವ ತೂಕ) ಸುಮಾರು 18 ಕೆ.ಜಿ. ಎಂದು ತೋರಿಸುತ್ತದೆ. 90ನೇ ದಿನ ನಿಜವಾಗಿ 17 ಕೆ.ಜಿ. ಬಂದ ಮರಿ ಪಟ್ಟಿಯಲ್ಲಿ ಅದರ ಕೆಳಗೆ! ಬೀಜಕ್ಕೆ ಉಳಿಸಬೇಕಾದ ಟಗರು ಮಾರಾಟಕ್ಕೆ, ಮಾರಬೇಕಾದದ್ದು ಬೀಜಕ್ಕೆ.

ಅವಳಿ ಮರಿಗಳ ಕಥೆ ಇನ್ನೊಂದು. ಒಂದು ಸೂಲಿಗೆ ಒಂದೇ ಮರಿ ದಾಖಲಿಸಲು ಅವಕಾಶ. ಎರಡನೆಯದನ್ನು ಹಾಕಿದರೆ ಬೇರೆ ಸೂಲೆಂದು ಎಣಿಸಿ ಅಂತರ 0 ದಿನ ಎನ್ನುತ್ತದೆ. ಮುಂದಿನ ಸೂಲು 240 ದಿನಕ್ಕೆ ಬಂದರೆ ಸರಾಸರಿ ಅಂತರ 120 ದಿನ. ಕುರಿಯ ಗಬ್ಬದ ಅವಧಿಯೇ ಸುಮಾರು 150 ದಿನ ಎಂಬುದು ಆ್ಯಪ್ ಬರೆದವರಿಗೆ ಗೊತ್ತಿರಬೇಕಿತ್ತು. ನಾರಿ ಸುವರ್ಣದಂತಹ ಅವಳಿ ಹಾಕುವ ತಳಿ ಸಾಕುವವರಿಗೆ ಈ ವರದಿ ಯಾವ ಉಪಯೋಗಕ್ಕೂ ಬಾರದು. ಸತ್ತು ಹುಟ್ಟಿದ ಮರಿಗಂತೂ ಕಾಲಮ್ಮೇ ಇಲ್ಲ.

ಇನ್ನು ಕಿವಿಯೋಲೆ, ಅಂದರೆ ಕುರಿಯ ಕಿವಿಗೆ ಹಾಕುವ ಗುರುತು ಸಂಖ್ಯೆಯ ಬಿಲ್ಲೆ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋಗುವುದು ಮಾಮೂಲು. ಹೊಸ ಸಂಖ್ಯೆ ಕೊಟ್ಟರೆ ಆ್ಯಪ್‌ಗೆ ಅದು ಹೊಸ ಕುರಿ; ಅಪ್ಪ-ಅಮ್ಮನ ವಿವರ ಖಾಲಿ. ಹೀಗಾಗಿ ಅಪ್ಪನನ್ನೇ ಮಗಳ ಮೇಲೆ ಬಿಟ್ಟರೂ ಎಚ್ಚರಿಕೆ ಬರುವುದಿಲ್ಲ. ಅಂಥ ಮರಿಯ ಒಳಸಂತಾನ ಪ್ರಮಾಣ (ರಕ್ತಸಂಬಂಧದಿಂದಾಗಿ ಒಂದೇ ವಂಶವಾಹಿ ಅಪ್ಪ-ಅಮ್ಮ ಇಬ್ಬರಿಂದಲೂ ಬರುವ ಸಾಧ್ಯತೆ) ಶೇ. 25.

ಆದ್ದರಿಂದ ಘಟನೆಯ ದಿನ ಮತ್ತು ಸಿಂಕ್ ಆದ ದಿನ ಬೇರೆ ಬೇರೆ ಉಳಿಯಲಿ. ಈಗಾಗಲೇ ಕೆಟ್ಟ ದಿನಾಂಕಗಳನ್ನು ಸರಿಪಡಿಸಿಕೊಡಿ. ಓಲೆ ಬದಲಾದರೂ ಬದಲಾಗದ ಒಂದು ಗುರುತು ಸಂಖ್ಯೆ ಇರಲಿ. ಒಂದೇ ಸೂಲಿನಡಿ ಎಲ್ಲ ಮರಿಗಳೂ ಬರಲಿ, ಒಂಟಿಯೋ ಅವಳಿಯೋ ಎಂಬ ನಮೂದೂ ಇರಲಿ, ಏಕೆಂದರೆ ಎರಡರ ತೂಕವನ್ನು ನೇರವಾಗಿ ಹೋಲಿಸುವಂತಿಲ್ಲ. ಅಷ್ಟರವರೆಗೆ ನಮ್ಮ ಪೂರ್ಣ ದಾಖಲೆಯನ್ನು ಎಕ್ಸೆಲ್ ಕಡತವಾಗಿ ಕಳುಹಿಸಿ. ಪಿಡಿಎಫ್‌ನಿಂದ ಲೆಕ್ಕ ಹಾಕಲಾಗದು.

ಕೊಟ್ಟಿಗೆಯ ನೋಟ್‌ಬುಕ್ಕಿನ ಪುಟಗಳನ್ನೂ ಅದೇ ಕುರಿಗಳ ಸ್ಕ್ರೀನ್‌ಶಾಟ್‌ಗಳನ್ನೂ ಲಗತ್ತಿಸಿದ್ದೇವೆ. 15 ದಿನದೊಳಗೆ ಕ್ರಮವಾಗದಿದ್ದರೆ ಉಳಿದ ಅವಧಿಯ ಚಂದಾ ವಾಪಸು ಮಾಡಿ. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ.

ಇಂತಿ,
ಫಾರ್ಮಿನ ಪಾಲುದಾರರು
ಕಾರ್ಕಳ ತಾಲ್ಲೂಕು, ಉಡುಪಿ ಜಿಲ್ಲೆ