ಎಸ್‌ಇಒ ವರದಿ ಮಾಲೀಕರಿಗೆ ಅರ್ಥವಾಗಲಿ

ಮಾನ್ಯರೇ,

ಸಕಲೇಶಪುರದ ಹತ್ತಿರ ನಮ್ಮದೊಂದು 4 ಕೋಣೆಯ ಹೋಂಸ್ಟೇ ಇದೆ. ಗೂಗಲ್ ಹುಡುಕಾಟದಲ್ಲಿ ನಮ್ಮ ಸೈಟ್ ಮೇಲೆ ಬರಬೇಕೆಂದು (ಈ ಕೆಲಸಕ್ಕೇ ಎಸ್‌ಇಒ ಅನ್ನುತ್ತಾರೆ) ಒಂದು ಏಜೆನ್ಸಿಗೆ ವರ್ಷವಿಡೀ ದುಡ್ಡು ಕಟ್ಟಿದೆವು. ತಿಂಗಳಿಗೊಮ್ಮೆ 14 ಪುಟದ ವರದಿ ಬರುತ್ತಿತ್ತು. ಪುಟಪುಟದಲ್ಲೂ ಮೇಲಕ್ಕೆ ಏರುವ ಹಸಿರು ಬಾಣ. ಬುಕಿಂಗ್ ಫೋನು ಮಾತ್ರ ಮೊದಲಿನಷ್ಟೇ.

ಕೊನೆಗೆ ಮಗಳು ಅವರಿಂದ ಸರ್ಚ್ ಕನ್ಸೋಲ್‌ಗೆ ಪ್ರವೇಶ ಕೇಳಿ ಪಡೆದಳು. ಇದು ಗೂಗಲ್ ಪುಕ್ಕಟೆಯಾಗಿ ಕೊಡುವ ಸಾಧನ. ಜನ ಏನು ಹುಡುಕಿದಾಗ ನಮ್ಮ ಸೈಟ್ ಕಾಣಿಸಿತು, ಎಷ್ಟು ಸಲ ಕ್ಲಿಕ್ ಆಯಿತು ಅನ್ನೋದು 16 ತಿಂಗಳ ಹಿಂದಿನವರೆಗೂ ಸಿಗುತ್ತದೆ. ನೋಡಿದರೆ, ಹೆಚ್ಚಿನ ಕ್ಲಿಕ್ಕುಗಳು ನಮ್ಮ ಹೋಂಸ್ಟೇ ಹೆಸರನ್ನೇ ಟೈಪ್ ಮಾಡಿದವರದ್ದು! ಅವರಿಗೆ ನಾವು ಮೊದಲೇ ಗೊತ್ತು. ಬರೀ ‘ಸಕಲೇಶಪುರ ಹೋಂಸ್ಟೇ’ ಎಂದು ಹುಡುಕಿದವರಿಗೆ ನಮ್ಮ ಸರಾಸರಿ ಸ್ಥಾನ 38. ವರದಿಯಲ್ಲಿ ಇವೆರಡನ್ನೂ ಕಲಸಿ ‘ಇಂಪ್ರೆಶನ್ ಜಾಸ್ತಿಯಾಗಿದೆ’ ಎಂದು ಬರೆದಿದ್ದರು. ಇಂಪ್ರೆಶನ್ ಅಂದರೆ ಫಲಿತಾಂಶದಲ್ಲಿ ನಮ್ಮ ಲಿಂಕ್ ಬಂತು ಅಂತಷ್ಟೇ. ಯಾರೋ ಒಳಗೆ ಬಂದರು ಅಂತಲ್ಲ.

ಡಿಸೆಂಬರ್ ರಜೆಗೆ ಮಲೆನಾಡಿಗೆ ಜನ ಬಂದೇ ಬರುತ್ತಾರೆ. ಅದನ್ನು ಹಿಂದಿನ ವರ್ಷದ ಡಿಸೆಂಬರ್ ಜತೆ ಹೋಲಿಸಬೇಕಲ್ವಾ? ಇವರು ನವೆಂಬರ್ ಜತೆ ಹೋಲಿಸಿ ಬಾಣ ಏರಿಸಿದ್ದರು. ನನಗೆ ತುಂಬಾ ಬೇಸರವಾಗಿದ್ದು ಇದಕ್ಕೇ.

ಮೊದಲ ಸ್ಥಾನ ಗ್ಯಾರಂಟಿ ಎಂದು ಯಾರೂ ಹೇಳಲಾಗದು ಎಂದು ಗೂಗಲ್ಲೇ ಹೇಳುತ್ತದೆ. ನಾವೂ ಅದನ್ನು ಕೇಳುತ್ತಿಲ್ಲ. ಸೈಟ್ ನೋಡಿ ಎಷ್ಟು ಫೋನ್, ಎಷ್ಟು ವಾಟ್ಸ್‌ಆ್ಯಪ್ ಬಂತು ಎಂಬುದನ್ನು ಏಜೆನ್ಸಿಯವರು ವರದಿಯ ಮೊದಲ ಪುಟದಲ್ಲೇ, ಕನ್ನಡದಲ್ಲಿ ಬರೆದುಕೊಡಲಿ. ಸರ್ಚ್ ಕನ್ಸೋಲ್ ಖಾತೆ ಮಾಲೀಕರ ಇಮೇಲ್‌ನಲ್ಲೇ ಇರಲಿ.

– ಹೋಂಸ್ಟೇ ಮಾಲೀಕರು, ಸಕಲೇಶಪುರ