ರ‍್ಯಾಂಪ್ ಒಂದಿದ್ದರೆ ಸಾಲದು

ಮಾನ್ಯ ಸಂಪಾದಕರೇ,

ಅಂಗವಿಕಲ ಮಕ್ಕಳಿಗೆ ಶಾಲೆಯಲ್ಲಿ ಏನೇನು ಅನುಕೂಲ ಬೇಕು ಎಂಬುದನ್ನು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ ಆಡಳಿತ ಮಂಡಳಿಗಳು ಮತ್ತು ಪಾಲಕರು ಗಮನಿಸಬೇಕು. ಜಾಗ ಉಳಿಸಲು ರ‍್ಯಾಂಪನ್ನು (ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು ದಾರಿ) ಕಡಿದಾಗಿ ಕಟ್ಟುವುದೇ ಮೊದಲ ತಪ್ಪು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಆರು ಅಂಗುಲದ ಮೂರು ಮೆಟ್ಟಿಲಿದ್ದರೆ 18 ಅಡಿ. ಅದಕ್ಕಿಂತ ಗಿಡ್ಡವಾದರೆ ಮಗು ತಾನಾಗಿ ಗಾಲಿಕುರ್ಚಿ ಏರಿಸಲಾರದು, ಇಳಿಯುವಾಗ ಹಿಡಿತ ತಪ್ಪುತ್ತದೆ. ಇಲ್ಲಿನ ಮಳೆಗೆ ನುಣುಪು ಟೈಲ್ಸ್ ಅಪಾಯ, ಒರಟು ಸಿಮೆಂಟ್ ಸಾಕು. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಮಗು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು.

ಖರ್ಚೇ ಇಲ್ಲದ ಕೆಲಸಗಳೂ ಇವೆ. ಕಿವಿ ಮಂದವಾದ ಮಗು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಹಲಗೆಯತ್ತ ತಿರುಗಿ ಬರೆಯುತ್ತಾ ಪಾಠ ಹೇಳಿದರೆ ಅದಕ್ಕೆ ಏನೂ ದಕ್ಕದು. ಕಿಟಕಿಗೆ ಬೆನ್ನು ಹಾಕಿ ನಿಂತರೂ ಮುಖ ಕಪ್ಪಾಗಿಯೇ ಕಾಣುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ಹೊರೆ: ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಮೂರು ಲಿಪಿ. ಡಿಸ್ಲೆಕ್ಸಿಯಾ (ಬುದ್ಧಿಗೆ ಕೊರತೆ ಇಲ್ಲದಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ) ಇರುವ ಮಗುವನ್ನು 'ದಡ್ಡ' ಎಂದು ಹಿಂದಿನ ಬೆಂಚಿಗೆ ಕಳಿಸುವುದು ಅನ್ಯಾಯ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 17ನೇ ಕಲಂನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯ ಉಲ್ಲೇಖವಿದೆ. ಆದರೆ ಇದಕ್ಕೆ ಪ್ರಮಾಣಪತ್ರ ಬೇಕು. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಆಸ್ಪತ್ರೆಗೆ ಓಡಿದರೆ ತಡವಾಗುತ್ತದೆ. ಮೂರನೇ ತರಗತಿಯಲ್ಲೂ ಮಗು ಅಕ್ಷರ ಕೂಡಿಸಲು ತಿಣುಕುತ್ತಿದ್ದರೆ ಆಗಲೇ ತಪಾಸಣೆ ಮಾಡಿಸಿ. ಅದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ.

– ಕೆಲವು ವಿಶೇಷ ಶಿಕ್ಷಕರು, ಮುಂಬಯಿ