ಕೌನ್ಸೆಲರ್ ರಜೆ ಮೊದಲೇ ತಿಳಿಯಲಿ

ಮಾನ್ಯರೇ,

ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಯಜಮಾನರು ಹಠಾತ್ತನೆ ತೀರಿಕೊಂಡ ಮೇಲೆ ನಿದ್ದೆ ಬಿಟ್ಟುಹೋಯಿತು, ಪಾಠದ ನಡುವೆ ಮಾತು ಕಟ್ಟತೊಡಗಿತು. ಹದಿನಾಲ್ಕು ತಿಂಗಳಿಂದ ಪ್ರತಿ ಗುರುವಾರ ಸಂಜೆ ಐದೂವರೆಗೆ ಕೌನ್ಸೆಲಿಂಗಿಗೆ ಹೋಗುತ್ತಿದ್ದೇನೆ. ಮುಂದಿನ ತಿಂಗಳಿಂದ ನಮ್ಮ ಮೇಡಂ ಆರು ವಾರ ರಜೆ.

‘ಅವರೂ ಮನುಷ್ಯರಲ್ಲವಾ, ರಜಾ ಹಾಕಬಾರದೇನ್ರೀ?’ ಎಂದರು ಸಹೋದ್ಯೋಗಿಯೊಬ್ಬರು. ಖಂಡಿತ ಹಾಕಬೇಕು. ದಿನವಿಡೀ ಬೇರೆಯವರ ಸಂಕಟ ಕೇಳುವವರಿಗೆ ವಿಶ್ರಾಂತಿ ಬೇಕೇ ಬೇಕು. ಆದರೂ ವಾರದ ಭಾರ ಇಳಿಸುವ ಒಂದೇ ಜಾಗ ಮುಚ್ಚುತ್ತದೆ ಎಂದಾಗ ಎದೆ ಧಸಕ್ಕೆಂದಿತು. ಮೇಡಂ ಮೇಲೆ ಸಿಟ್ಟೂ ಬಂತು. ಮುಂದಿನ ವಾರ ಅದನ್ನೇ ಹೇಳಿಬಿಟ್ಟೆ. ಅವರು ಬೇಸರಪಡಲಿಲ್ಲ. ‘ನಿಮ್ಮ ಯಜಮಾನರು ಹೋಗುವಾಗ ಹೇಳಿಹೋಗಲು ಆಗಲಿಲ್ಲ. ನಾನು ಹೇಳಿ ಹೋಗ್ತಿದ್ದೀನಿ, ತಾರೀಖು ಹೇಳಿ ವಾಪಸ್ ಬರ್ತೀನಿ’ ಎಂದರು. ಆ ಮಾತಿಗೆ ಬಹಳ ಹೊತ್ತು ಅತ್ತೆ.

ಐದು ವಾರ ಮುಂಚೆ ಹೇಳಿದ್ದರಿಂದ ಅಣಿಯಾಗಲು ಸಮಯ ಸಿಕ್ಕಿದೆ. ನನ್ನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಇಬ್ಬರೂ ಕೂತು ಬರೆದಿದ್ದೇವೆ: ಗುರುವಾರದ ಐದೂವರೆ ನನ್ನದೇ ಆಗಿರಬೇಕು, ಆ ಹೊತ್ತಿಗೆ ಬೇರೆ ಕೆಲಸ ಒಪ್ಪಿಕೊಳ್ಳಬಾರದು. ಕುಂದವಾಡ ಕೆರೆ ಏರಿಯ ಮೇಲೆ ನಡೆಯುವುದು, ಮೇಡಂಗೆ ಹೇಳಬೇಕೆನಿಸಿದ್ದನ್ನು ಅಲ್ಲೇ ಕೂತು ಬರೆದಿಡುವುದು. ತೀರಾ ಕಷ್ಟವಾದರೆ ಹರಿಹರದ ಅಕ್ಕನಿಗೆ ಫೋನು. ಅಕ್ಕ ಸಿಗದಿದ್ದರೆ ಟೆಲಿಮಾನಸ್, 14416. 2022ರಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿ ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಕೆಳಗೆ ಮೇಡಂ ಹಸಿರು ಇಂಕಿನಲ್ಲಿ ತಾವು ಮರಳುವ ತಾರೀಖು ಬರೆದು ಗೆರೆ ಎಳೆದಿದ್ದಾರೆ. ದಿನಕ್ಕೊಮ್ಮೆಯಾದರೂ ಆ ಹಾಳೆ ತೆಗೆದು ನೋಡುತ್ತೇನೆ.

ಇದಕ್ಕೂ ಮೊದಲು ಬೇರೊಂದು ಕಡೆ ಹೋಗುತ್ತಿದ್ದೆ. ನಾಲ್ಕನೇ ಸಲ ಹೋದಾಗ ಬಾಗಿಲಿಗೆ ಬೀಗ. ‘ಇನ್ನು ಒಂದು ತಿಂಗಳು ಬರಲ್ಲಮ್ಮ’ ಎಂದ ವಾಚ್‌ಮನ್. ಕತ್ತಲಾಗುವವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ ಏಳು ತಿಂಗಳು ಯಾರ ಹತ್ತಿರವೂ ಹೋಗಲಿಲ್ಲ. ಆ ಏಳು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು.

ನಾನಾದರೋ ಊರೊಳಗಿನವಳು, ಆಟೋ ಹತ್ತಿ ಮನೆಗೆ ಬಂದೆ. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳಿಂದ ಕೂಲಿ ಬಿಟ್ಟು, ಬಸ್ಸು ಹಿಡಿದು ಬರುವವರ ಗತಿಯೇನು? ಅವರಲ್ಲಿ ಮಾತ್ರೆ ನುಂಗುವವರೂ ಇರುತ್ತಾರೆ. ಅಂಥ ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ಅಪಾಯ. ಆದ್ದರಿಂದ ವೈದ್ಯರು, ಕೌನ್ಸೆಲರುಗಳು ರಜೆ ಹೋಗುವಾಗ ರೋಗಿಗೆ ಕನಿಷ್ಠ ಒಂದು ತಿಂಗಳು ಮುಂಚೆ ಹೇಳಬೇಕು. ತುರ್ತು ರಜೆಯಾದರೆ ಅವತ್ತೇ ಫೋನು ಹೋಗಬೇಕು. ಆ ಅವಧಿಗೆ ಸಾಲುವಷ್ಟು ಮಾತ್ರೆ, ನಡುವೆ ಯಾರನ್ನು ಕಾಣಬೇಕೆಂಬ ಚೀಟಿ ಕೈಗೆ ಸಿಗಬೇಕು. ಜಿಲ್ಲಾ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಿಂದಲೇ ಇದನ್ನು ಶುರು ಮಾಡಲಿ.

– ಶಿಕ್ಷಕಿ (ಹೆಸರು ಬೇಡ), ವಿನೋಬನಗರ, ದಾವಣಗೆರೆ